ಮೊದಲು ಮಣಿ ಎಣಿಸುತ್ತೇನೆ, ಆಮೇಲೆ ರೇಡಿಯೇಷನ್

ಕಲಬುರಗಿಯಲ್ಲಿ ರೇಡಿಯೇಷನ್ ಮೆಷಿನ್ ನಡೆಸುವ ಟೆಕ್ನಾಲಜಿಸ್ಟ್ ನಾನು. ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿದವರು ನಮ್ಮಲ್ಲಿಗೆ ಬರುತ್ತಾರೆ. ಬಹಳ ಜನರಿಗೆ ನೋವು ಇಳಿಸಲು 8 ಗ್ರೇ (ರೇಡಿಯೇಷನ್ ಡೋಸ್ ಅಳೆಯುವ ಮಾನ) ಒಂದೇ ಸಲ ಕೊಟ್ಟರೆ ಸಾಕು. ಆಯ್ದ ಕೆಲವರಿಗೆ ಡಾಕ್ಟರು ಎಸ್‌ಬಿಆರ್‌ಟಿ ಹೇಳುತ್ತಾರೆ, ಅಂದರೆ ಗಡ್ಡೆಗೆ ನಿಖರವಾಗಿ ಗುರಿಯಿಟ್ಟು ಕೊಡುವ ಜೋರಾದ ಡೋಸ್, ಎರಡು ಸಲದಲ್ಲಿ 24 ಗ್ರೇ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಹೀಗೆ ತೆಗೆದುಕೊಂಡವರಲ್ಲಿ 35% ಜನರಿಗೆ ಮೂರು ತಿಂಗಳಿಗೆ ನೋವು ಪೂರ್ತಿ ಹೋಗಿತ್ತು. ಐದು ಸಲದಲ್ಲಿ 20 ಗ್ರೇ ಪಡೆದವರಲ್ಲಿ ಅದು 14%.

ಆದರೆ ಗಡ್ಡೆಯ ಹಿಂದೆಯೇ ಬೆನ್ನುಹುರಿ ಇದೆ. ನಡುವೆ ಕೆಲವೇ ಮಿಲಿಮೀಟರ್. ಅದಕ್ಕೇ ಮೆಷಿನ್ ಮೇಲೆ ಮಲಗಿಸಿದ ಮೇಲೆ ಅಲ್ಲೇ ಕೋನ್ ಬೀಮ್ ಸಿಟಿ ಎಂಬ ಸ್ಕ್ಯಾನ್ ತೆಗೆದು, ಪ್ಲಾನ್ ಮಾಡಿದ ಸಿಟಿಯ ಜೊತೆ ಕೂಡಿಸಿ ನೋಡುತ್ತೇವೆ. 1 ಮಿಲಿಮೀಟರ್, 1 ಡಿಗ್ರಿಗಿಂತ ಜಾಸ್ತಿ ಸರಿದಿದ್ದರೆ ಕೌಚ್ (ರೋಗಿ ಮಲಗಿರುವ ಮೇಜು) ತಿದ್ದುತ್ತೇವೆ.

ಇಲ್ಲಿ ನಾನು ಕಂಪ್ಯೂಟರನ್ನು ಸುಮ್ನೆ ನಂಬುವುದಿಲ್ಲ. ಬೆನ್ನುಮೂಳೆಯ ಒಂದೊಂದು ಬಿಡಿ ಮೂಳೆಗೆ ಮಣಿ ಅನ್ನುತ್ತೇವೆ; ಎದೆಭಾಗದ ಆರನೇ ಮಣಿ, ಏಳನೇ ಮಣಿ ನೋಡಲು ಒಂದೇ ಥರ ಅಲ್ವಾ? ಎರಡು ಸಿಟಿಗಳನ್ನು ಕಂಪ್ಯೂಟರ್ ತಾನೇ ಹೊಂದಿಸುವ ಆಟೋಮ್ಯಾಚ್ ಪಕ್ಕದ ಮಣಿಗೆ ಚೆನ್ನಾಗಿ ಕೂತುಬಿಡಬಹುದು. ಪರದೆ ಮೇಲೆ ಎಲ್ಲ ಸರಿಯಾಗೇ ಕಾಣುತ್ತದೆ. ಹಾಗಾಗಿ ಮೊದಲು ಅಗಲವಾದ ಎಕ್ಸ್‌ರೇ ತೆಗೆದು, ಕೊನೆಯ ಪಕ್ಕೆಲುಬಿನಿಂದ ಮೇಲಕ್ಕೆ ಎಣಿಸುತ್ತೇನೆ. ಕೆಲವರಿಗೆ ಪಕ್ಕೆಲುಬಿನ ಲೆಕ್ಕವೇ ಬೇರೆ ಇರುತ್ತದೆ, ಅದನ್ನು ಪ್ಲಾನಿಂಗ್ ದಿನವೇ ಬರೆದಿಡುತ್ತೇವೆ. ನನ್ನ ಉತ್ತರ ಹೇಳದೆ ಇನ್ನೊಬ್ಬರಿಂದಲೂ ಎಣಿಸುತ್ತೇನೆ. ಎರಡೂ ಒಂದೇ ಬಂದರೆ ಮಾತ್ರ ಮುಂದೆ.

ಇನ್ನೊಂದು ಶತ್ರು ನೋವು. ಚಿಂಚೋಳಿ, ಆಳಂದ ಕಡೆಯಿಂದ ಬಸ್ಸಿನಲ್ಲಿ ಕುಲುಕಾಡಿ ಬಂದವರನ್ನು ತಕ್ಷಣ ಮಲಗಿಸಿದರೆ ಅವರು ಅಲುಗಾಡದೆ ಇರುವುದು ಹೇಗೆ? ಬಂದ ಕೂಡಲೇ ಡಾಕ್ಟರು ಬರೆದ ನೋವಿನ ಮಾತ್ರೆ ಕೊಟ್ಟು, ಅದು ಹತ್ತುವವರೆಗೆ ಕಾಯುತ್ತೇವೆ. ಅವರ ಮೈಗೆ ತಕ್ಕಂತೆ ಮಾಡಿದ ವ್ಯಾಕ್ಯೂಮ್ ಕುಶನ್‌ನಲ್ಲಿ ಮಲಗಿಸುತ್ತೇವೆ. ಸೇಡಂ ಕಡೆಯ ಅಜ್ಜಿಯೊಬ್ಬರು, "ಕರೆಂಟ್ ಕೊಡ್ವಾಗ ಉರೀತದೇನ್ರಿ?" ಎಂದು ಕೇಳಿದ್ದರು. "ಏನೂ ಗೊತ್ತಾಗಂಗಿಲ್ಲ ಯವ್ವ, ಅಲ್ಲಾಡಬ್ಯಾಡ್ರಿ ಅಷ್ಟೇ, ನಾ ಕ್ಯಾಮೆರಾದಾಗ ನೋಡ್ಕೋತ ಇರ್ತೀನಿ" ಎಂದೆ. ಭಯ ಇಳಿದರೆ ಮೈಯೂ ಸಡಿಲಾಗುತ್ತದೆ. ಚಿಕಿತ್ಸೆಯ ನಡುವೆ ಮತ್ತೊಮ್ಮೆ ಸ್ಕ್ಯಾನ್ ಮಾಡುವುದನ್ನೂ ನಾನು ಬಿಡುವುದಿಲ್ಲ.

ಮನೆಯವರಿಗೆ ಕೆಲವು ಮಾತು ತಪ್ಪದೆ ಹೇಳುತ್ತೇನೆ. ಮೊದಲ ಕೆಲವು ದಿನ ನೋವು ಸ್ವಲ್ಪ ಏರಬಹುದು, ಅದಕ್ಕೆ ಮಾತ್ರೆ ಇದೆ. ಮಣಿ ಕುಸಿಯುವ ಅಪಾಯ ಇರುವುದರಿಂದ ಕೊಡ, ಮೂಟೆ ಎತ್ತಿಸಬೇಡಿ. ಕಾಲಿನ ಬಲ ಕಡಿಮೆಯಾದರೆ ಅಥವಾ ಮೂತ್ರ ಕಟ್ಟಿದರೆ ಮುಂದಿನ ತಾರೀಖಿಗೆ ಕಾಯದೆ ಅದೇ ದಿನ ಕರೆತನ್ನಿ.