ಪಾಟಲಿ ಎಂಬ ಹೆಸರು ನಿಂತದ್ದು ಹೇಗೆ: ನನ್ನ ಅನುಭವ

ಧಾರವಾಡದಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿದೆ. ಲಗ್ನಪತ್ರಿಕೆ, ತೊಟ್ಟಿಲು ಕಾರ್ಯಕ್ರಮದ ಪತ್ರಿಕೆ, ಬಿಲ್ ಪುಸ್ತಕ, ಇವೇ ಹೊಟ್ಟೆಪಾಡು. ಪತ್ರಿಕೆ ಮಾಡಿಸಲು ಬಂದವರು "ಅಕ್ಕಾ, ಈ ಅಕ್ಷರ ಬಂದಿದೆ, ಒಂದು ಹೆಸರು ಹೇಳಿರಿ" ಎಂದು ಕೇಳುತ್ತ ಕೇಳುತ್ತ ಹೆಸರು ಹುಡುಕಿಕೊಡುವುದೂ ನನ್ನ ಕಸುಬಾಯಿತು. ಈ ಕೆಲಸ ಮಾಡುವವರು ಊರೂರಲ್ಲಿ ಇದ್ದೀರಿ, ನಿಮಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಹುಟ್ಟಿದ ನಕ್ಷತ್ರ, ಅದರ ಪಾದ ನೋಡಿ ಹೆಸರಿನ ಮೊದಲ ಅಕ್ಷರ ಹಿಡಿಯುವ ಲೆಕ್ಕ ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ. ಯಾರೂ ಇಡದ, ಬಣ್ಣವನ್ನು ಸೂಚಿಸುವ ಹೆಸರನ್ನು ಕೊಟ್ಟರೆ ಅದು ಮನೆಯಲ್ಲಿ ನಿಲ್ಲುವುದಿಲ್ಲ, ಆರು ತಿಂಗಳಲ್ಲಿ ಚಿನ್ನು, ಪಿಂಕಿ ಆಗಿಬಿಡುತ್ತದೆ ಎಂದು ನನ್ನ ಜೊತೆಯವರು ಹೇಳುತ್ತಲೇ ಇದ್ದರು. ಈಗ ಒಂದು ನಿಂತಿದೆ. ಹುಡುಗಿಯ ಹೆಸರು ಪಾಟಲಿ.

ಬಣ್ಣದ ಹೆಸರಿನ ಹುಚ್ಚು ಹಿಡಿದದ್ದು ಒಂದು ಆಷಾಢದಲ್ಲಿ. ಮಾಡಿದ ಪ್ರತಿ ಪತ್ರಿಕೆಯ ಒಂದು ನಮೂನೆಯನ್ನು ಕಡತದಲ್ಲಿ ಇಟ್ಟುಕೊಳ್ಳುವುದು ನನ್ನ ಅಭ್ಯಾಸ. ಹದಿನೆಂಟು ವರ್ಷದ ಕಡತ, ತೊಟ್ಟಿಲಿನ ಪತ್ರಿಕೆಗಳೇ ಸುಮಾರು ಎರಡೂವರೆ ಸಾವಿರ ಇರಬೇಕು. ಕೆಲಸವಿಲ್ಲದ ಆ ತಿಂಗಳು ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡು ಎಣಿಸಿದೆ. ಒಂದೇ ಪತ್ರಿಕೆಯಲ್ಲಿ ಮೂರು ತಲೆಮಾರು ಇರುತ್ತದಲ್ಲವೇ? ಅಜ್ಜಿಯರ ಸಾಲಿನಲ್ಲಿ ನೀಲವ್ವ, ಕೆಂಪವ್ವ, ಕರೆವ್ವ, ಗೌರವ್ವ, ಹೊನ್ನವ್ವ. ತಾಯಂದಿರ ಸಾಲಿನಲ್ಲಿ ಶ್ವೇತಾ, ಶ್ಯಾಮಲಾ, ಅರುಣಾ. ಮಗುವಿನ ಹೆಸರಿಗೆ ಬರುವ ಹೊತ್ತಿಗೆ ಬಣ್ಣವೆಲ್ಲ ತೊಳೆದುಹೋಗಿದೆ, ಅರವತ್ತೋ ಎಪ್ಪತ್ತೋ ಸಿಕ್ಕವು, ಅವೂ ಹೆಚ್ಚಿನವು ದೇವರ ಹೆಸರು ಎಂದು ಇಟ್ಟ ಕೃಷ್ಣ, ಗೌರಿಗಳೇ. ಅರ್ಜುನ ಎಂದರೆ ಬಿಳಿ ಎಂಬುದು ಇಟ್ಟವರಿಗೂ ಗೊತ್ತಿರಲಿಕ್ಕಿಲ್ಲ. ನನಗೆ ನಿಜವಾಗಿ ಸಂಕಟವಾಯಿತು. ಮುತ್ತಜ್ಜಿಗೆ ಇದ್ದ ಬಣ್ಣ ಮರಿಮೊಮ್ಮಗಳಿಗೆ ಯಾಕಿರಬಾರದು ಎಂದು ಹಟ ಹುಟ್ಟಿತು.

ಅಮರಸಿಂಹನ ಸಂಸ್ಕೃತ ನಿಘಂಟು ಅಮರಕೋಶದ ಧೀವರ್ಗ ಎಂಬ ಭಾಗದಲ್ಲಿ ಬಣ್ಣಗಳ ಸಾಲು ಬರುತ್ತದೆ. ಅದನ್ನು ಹಿಡಿದು ಹೊರಟೆ, ಸೋತೆ. ಮೊದಲು ಕೊಟ್ಟದ್ದು ಕಪಿಶಾ. ಕಂದು ಬಣ್ಣ, ಕೇಳಲು ಹೊಸದು, ತಂದೆಗೆ ಬಹಳ ಹಿಡಿಸಿತು. ಇನ್ನೂರು ಪತ್ರಿಕೆ ಮುದ್ರಿಸಿದ ಮೇಲೆ ಸೋದರಮಾವ "ಕಪಿ ಎಂದು ಕರೆಯುತ್ತಾರಲ್ಲ" ಎಂದರು. ಮುಗಿಯಿತು. ಇನ್ನೂರೂ ವಾಪಸ್ ಬಂದವು, ಮರುಮುದ್ರಣದ ಎರಡು ಸಾವಿರದ ಹತ್ತಿರ ಹತ್ತಿರ ನನ್ನ ತಲೆಯ ಮೇಲೆಯೇ ಬಿತ್ತು. ಎರಡನೆಯದು ಹರಿತಾ. ಸಂಸ್ಕೃತದಲ್ಲಿ ಹಸಿರು, ಕನ್ನಡದಲ್ಲಿ ಚಾಕುವಿನ ಗುಣ. ಮೂರನೆಯದು ಶೋಣಾ, ಕೆಂದಾವರೆಯ ಬಣ್ಣ. ಅದು ಶಾಲೆಯ ಹಾಜರಿಯಲ್ಲಿ ಸೋನಾ ಆಯಿತು, ಆಮೇಲೆ ಮನೆಯವರೂ ಸೋನಾ ಎಂದೇ ಕರೆಯತೊಡಗಿದರು. ಒಂದು ಕುಟುಂಬವಂತೂ ಜನನ ಪ್ರಮಾಣಪತ್ರದಲ್ಲಿ ಸೇರಿಸಿದ ಹೆಸರನ್ನು ಬದಲಿಸಲು ಅಫಿಡವಿಟ್, ಪತ್ರಿಕಾ ಜಾಹೀರಾತು, ಓಡಾಟ ಎಂದು ಎರಡೂವರೆ ಮೂರು ಸಾವಿರ ಕಳೆದುಕೊಂಡಿತು. ಆ ತಾಯಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪಾಟಲದ ಕಡೆ ಬಂದದ್ದು ಉತ್ತರಾ ನಕ್ಷತ್ರದ ಮೂರನೆಯ ಪಾದದಲ್ಲಿ ಹುಟ್ಟಿದ ಒಂದು ಹೆಣ್ಣುಮಗುವಿನಿಂದ. ಪಾ ಅಕ್ಷರಕ್ಕೆ ಪಾವನಿ, ಪಾರ್ವತಿ, ಪಾಯಲ್ ಬಿಟ್ಟರೆ ಜನಕ್ಕೆ ದಾರಿಯೇ ಇಲ್ಲ. 'ಶ್ವೇತರಕ್ತಸ್ತು ಪಾಟಲಃ' ಎನ್ನುತ್ತಾನೆ ಅಮರಸಿಂಹ, ಬಿಳಿ ಬೆರೆತ ಕೆಂಪು. ಅದೇ ಹೆಸರಿನ ಮರವಿದೆ, ಪಾಟಲೀಪುತ್ರದ ಹೆಸರಿನಲ್ಲಿ ಇರುವುದೂ ಅದೇ ಮರ. ಎಲ್ಲ ಸರಿ, ಆದರೆ ಪಾಟಲಾ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ತೋರಿಸಿದರೆ ಹತ್ತರಲ್ಲಿ ಎಂಟು ಜನ ಪಾತಾಳ ಎಂದು ಓದಿದರು. ನಾನು ನಿಜವಾಗಿಯೂ ಹತ್ತು ಜನರ ಕೈಗೆ ಚೀಟಿ ಕೊಟ್ಟು ಓದಿಸಿದ್ದೆ: ಬ್ಯಾಂಕಿನವರು, ಝೆರಾಕ್ಸ್ ಅಂಗಡಿಯ ಹುಡುಗ, ಪಕ್ಕದ ಶಾಲೆಯ ಗುಮಾಸ್ತರು. ಪೌರೋಹಿತ್ಯ ಮಾಡುವ ನಮ್ಮ ಕಾಕಾ "ಹಸುಗೂಸನ್ನು ಪಾತಾಳಕ್ಕೆ ತಳ್ಳಬೇಡ ತಂಗಿ" ಎಂದು ನಗದೆಯೇ ಹೇಳಿದರು.

ಹಳಗನ್ನಡದ ತದ್ಭವ ಪಾದರಿಯನ್ನೂ ಪರೀಕ್ಷಿಸಿ ನೋಡಿದೆ. ತಮಿಳುನಾಡಿನ ಕಡಲೂರಿನಲ್ಲಿ ತಿರುಪ್ಪಾದಿರಿಪ್ಪುಲಿಯೂರು ಇದೆಯಲ್ಲ, ಅಲ್ಲಿಯ ದೇವಾಲಯದ ಸ್ಥಳವೃಕ್ಷ, ಅಂದರೆ ಆ ಗುಡಿಯ ಪವಿತ್ರ ಮರ, ಇದೇ. ಆದರೆ ನಮ್ಮ ಊರಲ್ಲಿ ಪಾದ್ರಿ ಎಂದರೆ ಚರ್ಚಿನ ಗುರುಗಳು. ಒಂದು ಗಂಟೆಯಲ್ಲಿ ಆ ಪ್ರಯೋಗ ಮುಗಿಯಿತು.

ಪಾಟಲಿ ಎಂದು ಮಾಡಿಕೊಂಡೆ. ಆಗ ಪುಣೆಯಲ್ಲಿರುವ ಮಗುವಿನ ಕಾಕಾ ಫೋನಿನಲ್ಲಿ, ಇಂಗ್ಲಿಷಿನಲ್ಲಿ ಬರೆದರೆ ಹಿಂದಿಯವರು ಪತ್ಲಿ, ಅಂದರೆ ತೆಳ್ಳಗಿನವಳು ಎಂದು ಓದುತ್ತಾರೆ ಎಂದರು. ಅದಕ್ಕೆ ಪಿ ಆದ ಮೇಲೆ ಎರಡು ಎ ಹಾಕಿಸಿದೆ. ಮತ್ತೆ ಹತ್ತು ಚೀಟಿ, ಈ ಸಲ ಒಂಬತ್ತು ಜನ ಸರಿಯಾಗಿ ಓದಿದರು. ಈ ಚೀಟಿಯ ಪರೀಕ್ಷೆ ಮಾಡದೆ ಯಾರೂ ಹೆಸರು ಕೊಡಬೇಡಿ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ವಾಹನ ಪರವಾನಗಿ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಆಸ್ಪತ್ರೆಯಿಂದ ಹೆಸರಿಲ್ಲದೆ ನೋಂದಣಿಯಾದರೂ ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆದ್ದರಿಂದ ಅವಸರ ಬೇಡ. ನಾನು ಆ ಕುಟುಂಬಕ್ಕೆ ತೊಟ್ಟಿಲು ಆದ ಮೇಲೆ ಮೂರು ತಿಂಗಳು ಕಾಯಲು ಹೇಳಿದೆ. ಮನೆಯಲ್ಲಿ ಆ ಹೆಸರು ಬಾಯಿಗೆ ಹತ್ತಿದ ಮೇಲೆಯೇ ಅರ್ಜಿ ಕೊಡಿಸಿದೆ.

ಇಷ್ಟು ಅಕ್ಷರದ ಮಾತು. ಮನೆಯವರು ಒಪ್ಪಿದ್ದು ಬೇರೆಯದಕ್ಕೆ. ಮೊದಲಿನ ಮೂರು ಸಲವೂ ನಾನು ನಿಘಂಟಿನಿಂದ ಹೆಸರು ತೆಗೆದುಕೊಂಡು ಹೋಗಿದ್ದೆ. ಈ ಸಲ ಅವರ ಮನೆಗೆ ಹೋಗಿ ಕುಳಿತೆ. ಬಾಣಂತಿಯ ತಲೆದಿಂಬಿನ ಪಕ್ಕದಲ್ಲಿ ದಶಮೂಲಾರಿಷ್ಟದ ಸೀಸೆ ಇತ್ತು, ಬಾಣಂತಿಯರಿಗೆ ಕೊಡುವ ಆಯುರ್ವೇದದ ಔಷಧ. ಎತ್ತಿಕೊಂಡು ಹಿಂಬದಿಯ ಪಟ್ಟಿ ಓದಿದೆ: ಬಿಲ್ವ, ಅಗ್ನಿಮಂಥ, ಶ್ಯೋನಾಕ, ಪಾಟಲಾ. "ನೀವು ದಿನಕ್ಕೆ ಎರಡು ಹೊತ್ತು ಕುಡಿಯುತ್ತಿರುವುದು ಈ ಮರದ ಬೇರನ್ನೇ" ಎಂದೆ. ಆ ಹುಡುಗಿ ಸೀಸೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

ಆಮೇಲೆ ಒಂದು ಸ್ಟೀಲ್ ತಟ್ಟೆ ಕೇಳಿದೆ. ಒಂದು ಹಿಡಿ ಬಿಳಿ ರಂಗೋಲಿ ಪುಡಿ, ಮೇಲೆ ಒಂದು ಚಿಟಿಕೆ ಕುಂಕುಮ. ಬೆರಳಿನಿಂದ ಕಲಸುತ್ತ ಹೋದರೆ ಮೊದಲು ಕೆಂಪು ಗೆರೆ ಗೆರೆಯಾಗಿ ಓಡುತ್ತದೆ, ನಂತರ ಗೆರೆ ಕರಗಿ ಒಂದೇ ಬಣ್ಣವಾಗುತ್ತದೆ. ಎಳೆಗೂಸಿನ ಅಂಗಾಲನ್ನು ಪಕ್ಕದಲ್ಲಿ ಇಟ್ಟು ತೋರಿಸಿದೆ, ಅದೇ ಬಣ್ಣ. ಅಜ್ಜಿ ಅಲ್ಲಿಯವರೆಗೆ ಸುಮ್ಮನಿದ್ದರು. "ಏನೆಂದೆ, ಪಾಟಲಿಯೇ?" ಎಂದು ಕೇಳಿ ತಮ್ಮ ಎರಡೂ ಕೈ ಮುಂದೆ ಚಾಚಿದರು. ಬಿಲ್ವಾರ ಎಂಬ ಬಳೆಯ ಪಕ್ಕದಲ್ಲಿ ಸವೆದ ಅಗಲ ಬಳೆಗಳು. ನಮ್ಮ ಕಡೆ ಅವನ್ನು ಪಾಟಲಿ ಎನ್ನುತ್ತಾರೆ, ನಿಮಗೆ ಗೊತ್ತು. ಬಳೆಯ ಪಾಟಲಿಯೂ ಹೂವಿನ ಪಾಟಲಿಯೂ ಒಂದೇ ಪದ ಎಂದು ನಾನು ಹೇಳಲಿಲ್ಲ, ಸುಳ್ಳು ಅರ್ಥ ಕಟ್ಟುವುದು ನನ್ನ ಪದ್ಧತಿಯಲ್ಲ. ಆದರೆ ಅಜ್ಜಿಯ ಬಾಯಲ್ಲಿ ಅರವತ್ತು ವರ್ಷದಿಂದ ಇದ್ದ ಮಾತು ಅದು. ತೊಟ್ಟಿಲಿನ ದಿನ ಸೋದರತ್ತೆ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವಾಗ ಎಲ್ಲರಿಗಿಂತ ದೊಡ್ಡದಾಗಿ ಪಾಟಲಿ ಎಂದು ಕೂಗಿದವರು ಆ ಅಜ್ಜಿಯೇ. ಗುಗ್ಗರಿ ಹಂಚುವಾಗಲೂ ಬಂದವರಿಗೆಲ್ಲ ಬಳೆ ತೋರಿಸಿ ಹೆಸರು ಹೇಳುತ್ತಿದ್ದರು.

ಪತ್ರಿಕೆಯಲ್ಲಿ ಹೆಸರನ್ನು ಅದೇ ಬಣ್ಣದಲ್ಲಿ ಮುದ್ರಿಸುವುದು ನನ್ನ ಆಸೆ. ಮೊದಲು ಕೆನೆಬಣ್ಣದ ಕಾರ್ಡಿನ ಮೇಲೆ ಮಾಡಿದೆ, ಇಟ್ಟಿಗೆ ಬಣ್ಣ ಬಂತು. ನಲವತ್ತು ಕಾರ್ಡು ಹಾಳು, ನಾಲ್ಕುನೂರು ಐನೂರು ರೂಪಾಯಿ. ಅಮರಸಿಂಹ ಹೇಳಿದ ಬಿಳಿಯನ್ನೇ ನಾನು ಬಿಟ್ಟಿದ್ದೆ. ಅಚ್ಚ ಬಿಳಿ ಕಾರ್ಡಿಗೆ ಬದಲಿಸಿದಾಗ ಸರಿಯಾಯಿತು: ಮಜೆಂಟಾ ಶಾಯಿ ಶೇಕಡಾ ನಲವತ್ತರ ಸುಮಾರು, ಹಳದಿ ಶೇಕಡಾ ಹತ್ತು ಹನ್ನೆರಡು. ಇನ್ನೊಂದು ಬಣ್ಣವನ್ನು ತುಸು ಸೇರಿಸುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಮನೆಯೊಳಗೆ ಹೋದಾಗ ಮೊದಲು ಯಾರನ್ನು ಮಾತನಾಡಿಸುತ್ತೇನೆ ಎಂಬುದನ್ನೂ ಹೇಳುವುದಿಲ್ಲ. ಅದು ನನ್ನ ಅನ್ನ.

ಹಣದ ಮಾತು. ಮೊದಲು ಹೆಸರನ್ನು ಪುಕ್ಕಟೆ ಕೊಡುತ್ತಿದ್ದೆ, ಆಮೇಲೆ ಐವತ್ತು, ಈಗ ಮನೆಗೆ ಹೋಗಿ ಮಾಡುವ ಕೆಲಸಕ್ಕೆ ಐನೂರು. ಪಾಟಲಿಗೆ ಚೀಟಿ, ಓಡಾಟ, ಹಾಳಾದ ಕಾರ್ಡು ಎಲ್ಲ ಸೇರಿ ಒಂದು ಸಾವಿರ ನನ್ನದೇ ಖರ್ಚಾಯಿತು, ಬಂದದ್ದು ಐನೂರು. ಆದರೆ ಆ ಮನೆಯಿಂದಲೇ ನಂತರ ಎರಡು ಲಗ್ನಪತ್ರಿಕೆ, ಒಂದು ಗೃಹಪ್ರವೇಶದ ಪತ್ರಿಕೆಯ ಕೆಲಸ ಬಂತು.

ಮಗುವಿಗೆ ಈಗ ಎರಡು ವರ್ಷ ದಾಟಿದೆ. ಚಿನ್ನು ಆಗಲಿಲ್ಲ, ಪಿಂಕಿ ಆಗಲಿಲ್ಲ. ತನ್ನ ಹೆಸರು ಕೇಳಿದರೆ ಅಜ್ಜಿಯ ಬಳೆ ಮುಟ್ಟಿ ತೋರಿಸುತ್ತಾಳೆ. ಪಾತಾಳ ಎಂದಿದ್ದ ಕಾಕಾ ತಮ್ಮ ಮೊಮ್ಮಗಳಿಗೂ ಒಂದು ಬಣ್ಣದ ಹೆಸರು ಹುಡುಕು ಎಂದು ಬಂದಿದ್ದರು. ಅದೇ ಹೆಸರು ಬೇಕೆಂದು ಆರೇಳು ಮಂದಿ ಕೇಳಿದರು, ಒಬ್ಬರಿಗೂ ಕೊಟ್ಟಿಲ್ಲ. ಒಂದು ತಾಲ್ಲೂಕಿಗೆ ಒಂದೇ ಎಂಬುದು ನಾನು ಮಾಡಿಕೊಂಡ ನಿಯಮ. ಬೇರೆ ಜಿಲ್ಲೆಯವರು ಇಟ್ಟುಕೊಂಡರೆ ಸಂತೋಷ, ಆದರೆ ಎರಡು ಎ ಮರೆಯಬೇಡಿ.

ಹೋದ ವಾರ ನವಲಗುಂದದ ಕಡೆಯವರು ಬಂದಿದ್ದರು. ಹಸ್ತಾ ನಕ್ಷತ್ರ, ಕೊನೆಯ ಪಾದ, ಠ ಅಕ್ಷರ. ಬಣ್ಣದ ಹೆಸರೇ ಬೇಕಂತೆ. ಒಂದು ತಿಂಗಳು ಸಮಯ ಕೇಳಿದ್ದೇನೆ. ಭಾನುವಾರ ಅವರ ಮನೆಗೆ ಹೋಗುತ್ತೇನೆ.