ಕೀಟೋ ಊಟ: ಮೊದಲ ವಾರದ ತಲೆನೋವಿಗೆ ಉಪ್ಪೇ ಮದ್ದಾಯ್ತು

ಕಾರ್ಬ್ (ಪಿಷ್ಟ, ಸಕ್ಕರೆ) ತೀರಾ ಕಡಿಮೆ, ಕೊಬ್ಬು ಜಾಸ್ತಿ ಇರುವ ಈ ಊಟ ಶುರು ಮಾಡುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿದೆ. ಸಕ್ಕರೆ, ಕೊಲೆಸ್ಟ್ರಾಲ್, ಕಿಡ್ನಿ, ಲಿವರ್ ಎಲ್ಲವನ್ನೂ ನೋಡಿ ಡಾಕ್ಟರ್ ಒಪ್ಪಿದ ಮೇಲೆಯೇ ಧಾನ್ಯ, ಬೇಳೆ, ಗೆಡ್ಡೆ, ಸಿಹಿ ಬಿಟ್ಟೆ. ಕಾರ್ಬ್ ದಿನಕ್ಕೆ 30 ಗ್ರಾಂ ದಾಟದ ಹಾಗೆ ನೋಡಿಕೊಂಡೆ. ತಟ್ಟೆಯಲ್ಲಿ ಮೊಟ್ಟೆ, ಸೊಪ್ಪು, ಬೆಣ್ಣೆ, ಬಾದಾಮಿ.

ಮೊದಲ ವಾರ ತೂಕ ಸರಸರ ಇಳಿಯಿತು. ಅದು ಕೊಬ್ಬಲ್ಲ, ಬಹುಪಾಲು ನೀರು. ಲಿವರ್ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಪ್ರತಿ ಗ್ರಾಂಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಅದು ಖರ್ಚಾದರೆ ನೀರೂ ಹೋಗುತ್ತದೆ. ಜೊತೆಗೆ ಇನ್ಸುಲಿನ್ ಇಳಿದಾಗ ಕಿಡ್ನಿ ಉಪ್ಪನ್ನು ಜಾಸ್ತಿ ಹೊರಹಾಕುತ್ತದೆ. ನನಗೆ ತಲೆನೋವು, ಸುಸ್ತು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು ಎಲ್ಲಾ ಬಂತು. ಇದನ್ನೇ ಕೀಟೋ ಫ್ಲೂ ಅನ್ನುತ್ತಾರೆ. ಉಪ್ಪು ಹಾಕಿದ ಬಿಸಿ ಸೂಪ್ ಕುಡಿಯಲು ಶುರು ಮಾಡಿದ ಮೇಲೆ ತಲೆನೋವು ನಿಂತಿತು. ಬಿಪಿ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಹೀಗೆ ಮಾಡಬಾರದು.

ಇನ್ನು ಮೆದುಳಿನ ವಿಷಯ. ದೇಹದ ತೂಕದಲ್ಲಿ ಅದರ ಪಾಲು ಶೇ. 2 ಅಷ್ಟೇ, ಆದರೆ ಶಕ್ತಿಯಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಕೊಬ್ಬನ್ನು ಅದು ನೇರವಾಗಿ ಉರಿಸಿಕೊಳ್ಳುವುದು ತೀರಾ ಕಡಿಮೆ. ಹಾಗಾಗಿ ಲಿವರ್ ಕೊಬ್ಬನ್ನು ಮೆದುಳು ಉರಿಸಬಲ್ಲ ಕೀಟೋನ್ ಎಂಬ ಇಂಧನ ಮಾಡಿ ಕಳಿಸುತ್ತದೆ. ಆದರೂ ಮೆದುಳಿಗೆ ಒಂದಿಷ್ಟು ಗ್ಲೂಕೋಸ್ ಬೇಕೇ ಬೇಕು. ಅದನ್ನು ದೇಹ ಪ್ರೋಟೀನ್‌ನಿಂದಲೂ ಕೊಬ್ಬಿನ ಗ್ಲಿಸರಾಲ್‌ನಿಂದಲೂ ತಾನೇ ತಯಾರಿಸಿಕೊಳ್ಳುತ್ತದೆ.

ನನ್ನ ಮಟ್ಟಿಗೆ ಮಧ್ಯಾಹ್ನದ ತೂಕಡಿಕೆ ಹೋಯಿತು, ಪದೇಪದೇ ಹಸಿವಾಗುವುದು ಕಡಿಮೆಯಾಯಿತು. ಇದು ಕೀಟೋನ್ ಪ್ರಭಾವವೋ, ಸಿಹಿ ಬಿಟ್ಟಿದ್ದಕ್ಕೋ, ಇಲ್ಲ ಮನಸ್ಸಿನ ಆಟವೋ? ಒಬ್ಬ ಮನುಷ್ಯನ ಅನುಭವದಿಂದ ಬಿಡಿಸಿ ಹೇಳಲಾಗದು. ನೆನಪಿನ ಶಕ್ತಿ ಎರಡರಷ್ಟಾಗುತ್ತದೆ ಅನ್ನುವವರನ್ನು ನಾನಂತೂ ನಂಬುವುದಿಲ್ಲ. ಗಟ್ಟಿ ಆಧಾರ ಇರುವುದು ಮೂರ್ಛೆರೋಗಕ್ಕೆ. 1921ರಲ್ಲಿ ಮೇಯೋ ಕ್ಲಿನಿಕ್‌ನ ರಸೆಲ್ ವೈಲ್ಡರ್ ಈ ಪಥ್ಯ ಸೂಚಿಸಿದ್ದೇ ಅದಕ್ಕಾಗಿ. ಔಷಧಿಗೆ ಬಗ್ಗದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಫಿಟ್ಸ್ ಅರ್ಧಕ್ಕೋ ಅದಕ್ಕಿಂತ ಕೆಳಗೋ ಇಳಿಯುತ್ತದೆ. ಆದರೆ ಅಲ್ಲಿ ಪ್ರೋಟೀನ್ ಮತ್ತು ಕಾರ್ಬ್ ಸೇರಿ 1 ಗ್ರಾಂ ಇದ್ದರೆ ಕೊಬ್ಬು 4 ಗ್ರಾಂ, ಪ್ರತಿ ಊಟವೂ ತೂಕ ಮಾಡಿದ್ದು, ವೈದ್ಯರ ಕಣ್ಗಾವಲಿನಲ್ಲಿ. ನಾನು ಮನೆಯಲ್ಲಿ ಮಾಡಿದ್ದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ಬಾಯಿ ವಾಸನೆ ಬಂತು, ಅದು ಅಸಿಟೋನ್ ಎಂಬ ಕೀಟೋನಿನದು. ಮಲಬದ್ಧತೆಗೆ ಸೊಪ್ಪು, ನೀರು ಜಾಸ್ತಿ ಮಾಡಿದೆ. ಕೀಟೋನ್ ಅಳೆಯುವ ಮೂತ್ರದ ಪಟ್ಟಿಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ. ರಕ್ತದಲ್ಲಿ ಹೆಚ್ಚಾಗಿರುವ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಕೀಟೋನ್ ಅವಕ್ಕೆ ಕಾಣುವುದೇ ಇಲ್ಲ.

ಮುಂದಿನ ರಕ್ತ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ಇಳಿದಿತ್ತು, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಏರಿತ್ತು. ಬೆಣ್ಣೆ ಕಡಿಮೆ ಮಾಡಿ ಆಲಿವ್ ಎಣ್ಣೆ, ಬಾದಾಮಿ ಹೆಚ್ಚಿಸಿದ ಮೇಲೆ ಎಲ್‌ಡಿಎಲ್ ಸ್ವಲ್ಪ ತಗ್ಗಿತು. ಈಗಲೂ ಆಗಾಗ ಪರೀಕ್ಷೆ ಮಾಡಿಸುತ್ತೇನೆ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಫ್ಲೋಜಿನ್ ಗುಂಪಿನ (ಹೆಸರಿನ ಕೊನೆಗೆ ಗ್ಲಿಫ್ಲೋಜಿನ್ ಇರುವ) ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ತಾವಾಗಿಯೇ ಇದಕ್ಕೆ ಇಳಿಯಬಾರದು. ಅವರಿಗೆ ಕೀಟೋಆಸಿಡೋಸಿಸ್, ಅಂದರೆ ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗುವ ಅಪಾಯವಿದೆ, ಅದು ಜೀವಕ್ಕೇ ಕುತ್ತು.