ಬಾಂಬಿಗೆ ಸತ್ತ ಲಾಂಡ್ರಿ ಕೆಲಸದವಳ ಬದುಕನ್ನು ಹುಡುಕುವುದು

1940ರಲ್ಲಿ ಲಂಡನ್ನಿನ ಮೇಲೆ ಬಿದ್ದ ಬಾಂಬಿಗೆ ಸತ್ತ ಒಬ್ಬ ಲಾಂಡ್ರಿ ಕೆಲಸದ ಹೆಂಗಸಿನ ಜಾಡು ಹಿಡಿದು ಹೊರಟೆ. ನೀವೂ ಹುಡುಕುವುದಾದರೆ ಯುದ್ಧದಲ್ಲಿ ಸತ್ತವರ ದಾಖಲೆ ಇಡುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನಲ್ಲಿರುವ, ಸತ್ತ ನಾಗರಿಕರ ಪಟ್ಟಿಯಿಂದ ಶುರು ಮಾಡಿ. ವಯಸ್ಸು, ಮನೆ ವಿಳಾಸ, ಸತ್ತ ಜಾಗ, ಎಷ್ಟೋ ಸಲ ಗಂಡ ಅಥವಾ ಅಪ್ಪ ಅಮ್ಮನ ಹೆಸರು ಸಿಗುತ್ತವೆ. ಮನೆ ಮತ್ತು ಸತ್ತ ಜಾಗ ಬೇರೆಯಾಗಿದ್ದರೆ ಅಲ್ಲೇ ನಿಲ್ಲಿ. ಆ ರಾತ್ರಿ ಅವಳು ಅಲ್ಲಿಗೆ ಯಾಕೆ ಹೋಗಿದ್ದಳು?

ಆಮೇಲೆ 1939ರ ಸೆಪ್ಟೆಂಬರ್ 29ರ ರಿಜಿಸ್ಟರ್, ಅಂದರೆ ಯುದ್ಧ ಶುರುವಾದಾಗ ಮನೆಮನೆಯ ಜನರನ್ನು ಬರೆದುಕೊಂಡ ಸರ್ಕಾರಿ ದಾಖಲೆ. ಹುಟ್ಟಿದ ದಿನ, ಕೆಲಸ ಎರಡೂ ಅದರಲ್ಲಿವೆ. ಆದರೆ ಹೆಂಗಸರ ಮುಂದೆ ಜಾಸ್ತಿ ಕಡೆ ‘ಸಂಬಳವಿಲ್ಲದ ಮನೆಗೆಲಸ’ ಎಂದಿರುತ್ತದೆ. ಅದನ್ನು ಸುಮ್ನೆ ನಂಬಬೇಡಿ. ಬೇರೆಯವರ ಬಟ್ಟೆ ಒಗೆದು ದುಡಿದವಳ ಹೆಸರಿನ ಮುಂದೆಯೂ ಅದೇ ಇರಬಹುದು, ಅಲ್ವಾ? ನನಗೆ ತುಂಬಾ ನೋವು ಕೊಟ್ಟಿದ್ದು ಆ ಸಾಲೇ.

1921ರ ಜನಗಣತಿಯಲ್ಲಿ ಕೆಲಸ ಕೊಟ್ಟವರ ಹೆಸರೂ ಇದೆ. ನನಗಂತೂ ಅದು ಬಂಗಾರ. 1931ರದು 1942ರ ಬೆಂಕಿಯಲ್ಲಿ ಸುಟ್ಟುಹೋಯಿತು. ಆ ಖಾಲಿ ಜಾಗಕ್ಕೆ ಮತದಾರರ ಪಟ್ಟಿ ನೋಡಿ. 1928ರ ನಂತರದ ಪಟ್ಟಿಗಳಲ್ಲಿ 21 ತುಂಬಿದ ಹೆಂಗಸರೂ ಇದ್ದಾರೆ. ವರ್ಷ ವರ್ಷ ನೋಡುತ್ತಾ ಹೋದರೆ ಅವಳು ಬದಲಿಸಿದ ಬಾಡಿಗೆ ಕೋಣೆಗಳು ಒಂದೊಂದಾಗಿ ಕಾಣುತ್ತವೆ.

ಕೊನೆಗೆ ಆಗಿನ ನಗರಾಡಳಿತವಾದ ಲಂಡನ್ ಕೌಂಟಿ ಕೌನ್ಸಿಲ್ಲಿನ ಬಾಂಬ್ ಹಾನಿ ನಕ್ಷೆ ತೆರೆಯಿರಿ. ಅವಳ ಬೀದಿಗೆ ಹಚ್ಚಿದ ಬಣ್ಣ ನೋಡಿ. ಪೂರ್ತಿ ನಾಶವಾದ ಮನೆಗಳಿಗೆ ಅಲ್ಲಿ ಕಪ್ಪು ಬಣ್ಣ.